ಕ್ರೀಡಾಕೂಟ ಮತ್ತು ಗಾಯರಾಣದ ಹುಲ್ಲು

ಕಲಬುರಗಿ ಸೀಮೆಯಲ್ಲಿ ಹುಲ್ಲುಗಾವಲು ಉಳಿದಿರುವುದು ನೇಗಿಲು ಹೋಗದ ಕಡೆ ಮಾತ್ರ. ಸುಮಾರು 10,954 ಚದರ ಕಿಲೋಮೀಟರ್ ಹರವಿನ ಈ ಜಿಲ್ಲೆಯ ಬಹುಪಾಲು ನೆಲ ಎರೆಭೂಮಿ. ಅದೆಲ್ಲ ತೊಗರಿ, ಜೋಳ, ಕಡಲೆಗೆ ಸಂದಿದೆ. ಗರಸು ಮೇಲೆದ್ದಿರುವ ಮರಡಿಗಳು, ಊರಿನ ದನಕ್ಕೆಂದು ಬಿಟ್ಟ ಗಾಯರಾಣ, ಕೆರೆಯ ಹಿನ್ನೀರಂಚು, ಸರ್ಕಾರಿ ಸಂಸ್ಥೆಗಳ ದೊಡ್ಡ ಆವರಣಗಳು, ಇಷ್ಟರಲ್ಲಿ ಹಳೆಯ ಹುಲ್ಲು ತುಂಡುತುಂಡಾಗಿ ಉಳಿದುಕೊಂಡಿದೆ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಸಮೀಪಿಸಿದಂತೆ ಸಪಾಟು ಹೊಲಗಳು ಹಿಂದೆ ಸರಿದು ಗುಡ್ಡದ ಸಾಲು ಕಾಣತೊಡಗುತ್ತದೆ. ಕೆಂಪು ಬಾಳೆಗೆ ಹೆಸರಾದ ಈ ಊರಿನ ಸುತ್ತ ತಗ್ಗಿನಲ್ಲಿ ತೋಟ, ಏರಿನಲ್ಲಿ ಕುರುಚಲು ಮತ್ತು ಹುಲ್ಲು. ದೊಡ್ಡ ಓಟಕ್ಕೋ ಸೈಕಲ್ ಸ್ಪರ್ಧೆಗೋ ಜಾಗ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದೂ ಇಂಥ ನೆಲವೇ. ಬೆಳೆ ಇಲ್ಲ, ಮನೆ ಇಲ್ಲ, ಪರಿಹಾರ ಕೇಳುವವರಿಲ್ಲ.

ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿಗಾಗಿ ದಬಡ್ಗಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ದೇಶದ ಹುಲ್ಲು ಹೊದಿಕೆಯನ್ನು ಐದು ಬಗೆಯಾಗಿ ವಿಂಗಡಿಸಿದರು. ದಖ್ಖನ್ ಪ್ರಸ್ಥಭೂಮಿಯ ಹುಲ್ಲು ಅದರಲ್ಲಿ ಸೆಹಿಮಾ–ಡೈಕ್ಯಾಂಥಿಯಂ ಬಗೆಗೆ ಸೇರುತ್ತದೆ. ಸೆಹಿಮಾ ಗರಸು ನೆಲದ ಹುಲ್ಲು, ಡೈಕ್ಯಾಂಥಿಯಂ ಎರೆ ನೆಲದ್ದು. ಎರಡೂ ಬಹುವಾರ್ಷಿಕ. ಬೇಸಿಗೆಯಲ್ಲಿ ಮೇಲೆ ಒಣಗಿ ನಿಂತರೂ ಬುಡದಲ್ಲಿ ಜೀವ ಹಿಡಿದುಕೊಂಡಿದ್ದು, ಮೃಗಶಿರಾ ಮಳೆ ಬಿದ್ದ ವಾರದಲ್ಲಿ ಚಿಗುರುತ್ತವೆ. ಹೀಗೆ ಬುಡ ಹಿಡಿದ ಹುಲ್ಲು ಇರುವ ನೆಲವೇ ಈಗ ಅಪರೂಪ. ಹುಲ್ಲು ಬೆಳೆದ ಜಾಗ ಕಂಡರೂ ಹೆಚ್ಚಿನ ಕಡೆ ಅಲ್ಲಿರುವುದು ಒಂದೇ ಮಳೆಗಾಲ ಬಾಳುವ, ದನ ಮೂಸಿ ಬಿಡುವ ಹಂಚಿಕಡ್ಡಿಯಂಥ ಹುಲ್ಲು. ಅತಿ ಮೇವು, ಅತಿ ತುಳಿತಗಳಿಂದ ಬಹುವಾರ್ಷಿಕ ಹುಲ್ಲು ಸೋತ ಮೇಲೆ ಅದರ ಜಾಗಕ್ಕೆ ಬರುವುದು ಇದು. ಹಂಚಿಕಡ್ಡಿ ಪೊರಕೆಗೆ ಒದಗುತ್ತದೆ, ಮೇವಿಗೆ ಅಲ್ಲ.

ಸರ್ಕಾರದ ಕಾಗದಗಳಲ್ಲಿ ಈ ನೆಲಕ್ಕೆ ಬಂದ ಹೆಸರು ‘ಪಾಳು’ ಅಥವಾ ‘ಬಂಜರು’. ಕೇಂದ್ರ ಸರ್ಕಾರ ಕಾಲಕಾಲಕ್ಕೆ ಹೊರತರುವ ಬಂಜರು ಭೂಮಿ ನಕ್ಷೆಗಳಲ್ಲಿ ಮರವಿಲ್ಲದ ಹುಲ್ಲು ನೆಲ, ಕುರುಚಲು ನೆಲ ಬಹಳಷ್ಟು ಸೇರಿಕೊಂಡಿದೆ. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಉಪಗ್ರಹ ಚಿತ್ರಗಳ ನೆರವಿನಿಂದ ತಯಾರಿಸಿದ ನಕ್ಷೆಯ ಪ್ರಕಾರ ಅರೆ ಶುಷ್ಕ ವಲಯದ ಇಂಥ ಬಯಲು ಪರಿಸರ ದೇಶದ ನೆಲದ ಸುಮಾರು ಹತ್ತನೇ ಒಂದು ಭಾಗ. ಅದರಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿರುವುದು ಶೇ 5ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಯಾರ ರಕ್ಷಣೆಯೂ ಇಲ್ಲದೆ ಹೊರಗಿದೆ. ಕಲಬುರಗಿ ಜಿಲ್ಲೆಯಲ್ಲಿ ಕಾನೂನಿನ ರಕ್ಷಣೆ ಗಟ್ಟಿಯಾಗಿರುವ ದೊಡ್ಡ ಕಾಡೆಂದರೆ 2011ರಲ್ಲಿ ಘೋಷಣೆಯಾದ, 134.88 ಚದರ ಕಿಲೋಮೀಟರಿನ ಚಿಂಚೋಳಿ ವನ್ಯಜೀವಿಧಾಮ. ಅದು ಮುಖ್ಯವಾಗಿ ಎಲೆ ಉದುರುವ ಒಣ ಕಾಡು.

ಹುಲ್ಲನ್ನೇ ನಂಬಿರುವ ಜೀವಿಗಳು ಕಾಡಿಗೆ ಹೋಗಿ ಬದುಕಲಾರವು. ಚಿಗರಿ, ಅಂದರೆ ಕೃಷ್ಣಮೃಗ, ದೂರದವರೆಗೆ ಕಣ್ಣು ಹಾಯುವ ಬಯಲಿನ ಪ್ರಾಣಿ. ಅಪಾಯ ಕಂಡರೆ ಓಡುವುದೇ ಅದರ ರಕ್ಷಣೆ. ಆದರೆ ಅದರ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಓಡುವುದಿಲ್ಲ, ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ. ತೋಳ, ಗುಳ್ಳೆನರಿಗಳು ಮರಡಿಯ ಗರಸಿನಲ್ಲಿ ಬಿಲ ತೋಡಿ ಮರಿ ಹಾಕುತ್ತವೆ. ಗೌಜಲಹಕ್ಕಿ, ಟಿಟ್ಟಿಭ, ನೆಲಗುಬ್ಬಿಗಳಿಗೆ ಮರದ ಹಂಗಿಲ್ಲ, ಮೊಟ್ಟೆ ಇಡುವುದು ಬರಿ ನೆಲದ ಮೇಲೆ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಸೆಳೆವ ಹಕ್ಕಿಗಳು ಹದ್ದಿನ ಬಳಗದವಾದರೂ ರಾತ್ರಿ ಕಳೆಯುವುದು ಎತ್ತರದ ಹುಲ್ಲಿನ ನಡುವೆ ನೆಲದಲ್ಲೇ. ಹೊತ್ತು ಮುಳುಗುವ ಮುನ್ನ ಒಂದೊಂದಾಗಿ ಬಂದು ಒಂದೇ ಜಾಗದಲ್ಲಿ ಇಳಿಯುತ್ತವೆ. ಎರೆಭೂತ ಎಂದು ಈ ಕಡೆಯವರು ಕರೆಯುವ ದೊಡ್ಡ ಹಕ್ಕಿ ಇದೇ ಬಯಲಿನದು. ಪಕ್ಕದ ಸೊಲ್ಲಾಪುರ ಜಿಲ್ಲೆಯ ನನ್ನಜ್ ಸುತ್ತ ಅದಕ್ಕಾಗಿಯೇ 1979ರಲ್ಲಿ ಅಭಯಾರಣ್ಯ ಮಾಡಲಾಯಿತು. ಇಂದು ಅಲ್ಲಿ ಆ ಹಕ್ಕಿ ಕಾಣಸಿಗುವುದೇ ದುರ್ಲಭ.

ಎಲ್ಲ ಕ್ರೀಡೆಯಿಂದಲೂ ಹುಲ್ಲಿಗೆ ಕೇಡಿಲ್ಲ. 2023ರ ಕೊನೆಯಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಐಟಿಎಫ್ ಪುರುಷರ ಟೆನಿಸ್ ಪಂದ್ಯಾವಳಿ ನಡೆಯಿತು. ಹೊರಗಿನ ಆಟಗಾರರು, ಪ್ರೇಕ್ಷಕರು ಬಂದರು, ಹೋದರು. ಗಟ್ಟಿ ಅಂಕಣ, ಕಟ್ಟಿದ ಗ್ಯಾಲರಿ, ಊರೊಳಗಿನ ರಸ್ತೆ ಇರುವಾಗ ಹುಲ್ಲುಗಾವಲಿನ ಮಾತೇ ಬರುವುದಿಲ್ಲ. ತೊಂದರೆ ಶುರುವಾಗುವುದು ಬಯಲನ್ನೇ ಅಂಗಳ ಮಾಡಿಕೊಳ್ಳುವ ಕ್ರೀಡೆಗಳಲ್ಲಿ: ಗುಡ್ಡಗಾಡು ಓಟ, ಗುಡ್ಡದ ಸೈಕಲ್ ಸ್ಪರ್ಧೆ, ಮೋಟಾರ್ ರ‍್ಯಾಲಿ, ಜಾತ್ರೆಯ ಹೊತ್ತಿನ ತೆರಬಂಡಿ ಮತ್ತು ಎತ್ತಿನ ಗಾಡಿ ಓಟ. ಅಲ್ಲೂ ಸ್ಪರ್ಧಿಗಳ ಕಾಲಿನಿಂದ ಆಗುವ ಹಾನಿ ಸಣ್ಣದು. ದೊಡ್ಡ ಪಾಲು ನೋಡುಗರದು, ಅವರ ಬೈಕು–ಟಂಟಂಗಳದು, ಪೆಂಡಾಲು, ಜನರೇಟರು, ನೀರಿನ ಟ್ಯಾಂಕರು, ತಿಂಡಿ ಬಂಡಿಗಳದು. ನೂರು ಜನ ಓಡುವ ಸ್ಪರ್ಧೆಗೆ ಸಾವಿರಾರು ಜನ ಸೇರಿದರೆ, ಓಟದ ದಾರಿಗಿಂತ ವಾಹನ ನಿಲ್ಲಿಸುವ ಜಾಗವನ್ನು ಎಲ್ಲಿ ಗೊತ್ತುಮಾಡಿದರು ಎಂಬುದರ ಮೇಲೆ ಹುಲ್ಲಿನ ಹಣೆಬರಹ ನಿಂತಿರುತ್ತದೆ.

ಶತಮಾನಗಳಿಂದ ದನ ಕುರಿ ತುಳಿದ ಹುಲ್ಲು ಒಂದು ದಿನ ಜನ ತುಳಿದರೆ ಹಾಳಾಗುತ್ತದೆಯೇ ಎಂದು ಊರಿನ ಹಿರಿಯರು ಕೇಳುವುದು ಸಹಜ. ನ್ಯಾಯವಾದ ಪ್ರಶ್ನೆಯೇ. ಕುರಿ ಹಿಂಡು ಮೇಯುತ್ತಾ ಹರಡಿಕೊಂಡು ಮುಂದೆ ಹೋಗುತ್ತದೆ. ಕುರುಬರು ಒಂದೇ ಕಡೆ ಹಿಂಡು ನಿಲ್ಲಿಸುವುದಿಲ್ಲ, ಹುಲ್ಲು ಸೋತರೆ ಮುಂದಿನ ವರ್ಷ ತಮಗೇ ನಷ್ಟವೆಂದು ಅವರಿಗೆ ಗೊತ್ತು. ಹುಲ್ಲಿನ ಬೆಳೆಯುವ ಕಣ್ಣು ನೆಲಕ್ಕೆ ಅಂಟಿಕೊಂಡಿರುವುದರಿಂದ ಮೇಲೆ ಮೇಯ್ದರೂ ಅದು ಮತ್ತೆ ಚಿಗುರುತ್ತದೆ. ಮಿತವಾದ ಮೇವು ಹುಲ್ಲುಗಾವಲನ್ನು ಪೊದೆಯಾಗದಂತೆ ಕಾಯುತ್ತದೆ ಕೂಡ. ಕ್ರೀಡಾಕೂಟದ ತುಳಿತ ಬೇರೆ ಬಗೆಯದು. ಒಂದೇ ಗೆರೆಯ ಮೇಲೆ, ಒಂದೇ ದಿನದಲ್ಲಿ, ಬಿಡುವಿಲ್ಲದೆ ಬೀಳುವ ಭಾರ ಅದು. ಟೈರು ಹುಲ್ಲಿನ ಬುಡವನ್ನೇ ಅರೆದು ಹಾಕುತ್ತದೆ. ತುಳಿತದ ಬಗ್ಗೆ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿದ ಇನ್ನೊಂದು ಸಂಗತಿ ಸಂಘಟಕರಿಗೆ ತುಂಬ ಮುಖ್ಯ. ಹಾನಿಯ ಹೆಚ್ಚಿನ ಪಾಲು ಮೊದಲ ಕೆಲವು ನೂರು ಹೆಜ್ಜೆಗಳಲ್ಲೇ ಆಗಿಬಿಡುತ್ತದೆ. ಆ ಮೇಲೆ ಅದೇ ದಾರಿಯಲ್ಲಿ ಎಷ್ಟು ಜನ ನಡೆದರೂ ಹೆಚ್ಚುವ ಹಾನಿ ಕಡಿಮೆ. ಆದ್ದರಿಂದ ದೊಡ್ಡ ಗುಂಪನ್ನು ಬಯಲ ತುಂಬ ಹರಡುವುದು ತಪ್ಪು. ಮೊದಲೇ ಸವೆದಿರುವ ಬಂಡಿಜಾಡಿನಲ್ಲಿ ಹಗ್ಗ ಕಟ್ಟಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕಳಿಸುವುದು ಸರಿ.

ನೆಲದ ಗುಣ ನೋಡದೆ ಈ ಲೆಕ್ಕ ಪೂರ್ತಿಯಾಗದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬೀಳುವುದು ಈ ಸೀಮೆಯವರಿಗೆ ಹೊಸದಲ್ಲ. ಹೀಗೆ ಉಬ್ಬಿ ಬಿರಿಯುವುದರಿಂದ ಒಣಗಿದ್ದಾಗ ಬಿದ್ದ ಒತ್ತಡವನ್ನು ಅದು ಮಳೆಗಾಲಗಳು ಕಳೆದಂತೆ ತಾನೇ ಸಡಿಲಿಸಿಕೊಳ್ಳಬಲ್ಲದು. ಹಸಿಯಾಗಿದ್ದಾಗ ಮಾತ್ರ ಎರೆಯ ಮೇಲೆ ವಾಹನ ಇಳಿಸಬಾರದು. ಗಾಲಿ ಹೂತ ಜಾಡಿನ ಎರಡೂ ಬದಿ ಮಣ್ಣು ಮೆತ್ತಿ ನುಣುಪಾಗಿ ಮುಚ್ಚಿಕೊಳ್ಳುತ್ತದೆ, ನೀರು ನಿಲ್ಲುತ್ತದೆ, ಒಣಗಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿ. ಮರಡಿಯ ಗರಸು ನೆಲದ್ದು ಇದಕ್ಕೆ ತದ್ವಿರುದ್ಧ ಕಥೆ. ಮಳೆ ಬಂದ ಮರುದಿನವೂ ಕಾಲಿಗೆ ಅಂಟದು, ಓಟಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಕಲ್ಲಿನ ಮೇಲೆ ಅಲ್ಲಿರುವುದು ಬೆರಳುದ್ದದ ಮಣ್ಣು. ಅದು ಒಮ್ಮೆ ಕಿತ್ತು ಮೊದಲ ದೊಡ್ಡ ಮಳೆಗೆ ಹಳ್ಳ ಸೇರಿದರೆ ಮತ್ತೆ ಆ ಜಾಗದಲ್ಲಿ ಮಣ್ಣು ಕೂಡಲು ಒಂದು ತಲೆಮಾರೂ ಸಾಲದು. ನೋಡಲು ಗಟ್ಟಿಯಾದ ನೆಲವೇ ಹೆಚ್ಚು ಸೂಕ್ಷ್ಮವಾದದ್ದು ಎಂಬುದನ್ನು ಮೈದಾನ ಆರಿಸುವವರು ತಿಳಿದಿರಬೇಕು.

ಊಬಿನ ಹುಲ್ಲಿನ ಒಂದು ಬೀಜ ಎತ್ತಿ ನೋಡಿದರೆ ಕ್ರೀಡಾಕೂಟಕ್ಕೆ ಕಾಲ ಗೊತ್ತುಮಾಡುವುದು ಹೇಗೆಂದು ತಿಳಿಯುತ್ತದೆ. ಬೀಜದ ಒಂದು ತುದಿ ಸೂಜಿಯಷ್ಟು ಚೂಪು, ಅದರ ಮೇಲೆ ಹಿಮ್ಮುಖವಾಗಿ ಹೊಳೆಯುವ ಕಂದು ರೋಮ. ಇನ್ನೊಂದು ತುದಿಗೆ ಉದ್ದನೆಯ ಊಬು, ಮಧ್ಯದಲ್ಲಿ ಮೊಣಕಾಲಿನಂತೆ ಮಡಚಿರುತ್ತದೆ. ಒಣಗಿದಾಗ ಊಬು ಹಗ್ಗದಂತೆ ಹುರಿಗೊಳ್ಳುತ್ತದೆ, ಇಬ್ಬನಿಯೋ ಮಳೆಯೋ ತಾಕಿದರೆ ಹುರಿ ಬಿಚ್ಚುತ್ತ ತಿರುಗುತ್ತದೆ. ಹೀಗೆ ತಿರುಗಿ ತಿರುಗಿ ಬೀಜ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ಮಳೆಗಾಲ ಮುಗಿದು ಬೀಜ ಬಲಿತು ಉದುರುವವರೆಗೆ ಹುಲ್ಲನ್ನು ಮುಟ್ಟದಿದ್ದರೆ ಮುಂದಿನ ವರ್ಷದ ಬಿತ್ತನೆ ತಾನಾಗಿಯೇ ಆದಂತೆ. ಅದಕ್ಕೆ ಮೊದಲು ಮೈದಾನ ಸಮ ಮಾಡುತ್ತೇವೆಂದು ಹುಲ್ಲು ಕೊಯ್ದರೆ ಆ ವರ್ಷದ ಬೀಜವೆಲ್ಲ ಹೋಯಿತು. ಇದೇ ಊಬು ಓಟಗಾರರ ಕಾಲುಚೀಲಕ್ಕೂ ಚುಚ್ಚಿಕೊಳ್ಳುತ್ತದೆ. ಬೀಜ ಹೀಗೆ ಹೊರಗೆ ಹೋಗುವ ದಾರಿಯಲ್ಲೇ ಬೇರೆ ಬೀಜ ಒಳಗೂ ಬರುತ್ತದೆ. ಟೈರಿನ ಕೆಸರು, ಹೊರಗಿನಿಂದ ತಂದು ಸುರಿದ ಮಣ್ಣು, ಎತ್ತುಗಳಿಗೆಂದು ಹೊತ್ತು ತಂದ ಮೇವು, ಇವುಗಳ ಜೊತೆ ಕಾಂಗ್ರೆಸ್ ಕಸ ಬರುತ್ತದೆ. ಕೆದಕಿದ ನೆಲ ಸಿಕ್ಕರೆ ಅದು ಒಂದೇ ಮಳೆಗಾಲದಲ್ಲಿ ಬೇರೂರುತ್ತದೆ. ಆ ಮೇಲೆ ಕೈಯಿಂದ ಕಿತ್ತು ಮುಗಿಸುವ ಕೆಲಸ ಅದಲ್ಲ.

ಕಾಲವನ್ನು ಗೊತ್ತುಮಾಡುವುದು ಕೇಳಿದಷ್ಟು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಬೆಳೆಯುವ, ನೆಲಗೂಡಿನ ಹಕ್ಕಿಗಳು ಮರಿ ಮಾಡುವ ಕಾಲ. ಮಾರ್ಚ್ ಕಳೆದರೆ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ, ಯಾವ ಕ್ರೀಡಾಕೂಟವೂ ಆಗ ನಡೆಯದು. ಒಣಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕಾಗುವ ದಿನಗಳೂ ಅವೇ. ಉಳಿಯುವುದು ನವೆಂಬರ್‌ನಿಂದ ಫೆಬ್ರುವರಿ. ಹವೆ ತಂಪು, ನೆಲ ಒಣಗಿರುತ್ತದೆ, ಬೀಜ ಉದುರಿರುತ್ತದೆ. ಆದರೆ ಸೆಳೆವ ಹಕ್ಕಿಗಳು ಬಂದು ತಂಗುವುದೂ ತೋಳ ಬಿಲ ಹಿಡಿಯುವುದೂ ಆಗಲೇ. ಪೂರ್ತಿ ನಿರಪಾಯದ ತಿಂಗಳು ಎಂಬುದೊಂದು ಇಲ್ಲ. ಹಾಗಾಗಿ ಚಳಿಗಾಲದಲ್ಲಿ ನಡೆಸುವ ಕೂಟಕ್ಕೆ ಜಾಗದ ಆಯ್ಕೆಯೇ ಮುಖ್ಯವಾಗುತ್ತದೆ. ಹಕ್ಕಿ ತಂಗುವ ಎತ್ತರದ ಹುಲ್ಲಿನಿಂದ, ಬಿಲಗಳಿರುವ ಮರಡಿಯಿಂದ ದೂರವಿರಬೇಕು. ಸ್ಪರ್ಧೆ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನದೊಳಗೆ ಮುಗಿಯಬೇಕು. ಹೊನಲು ಬೆಳಕು, ಧ್ವನಿವರ್ಧಕ, ಪಟಾಕಿ ಊರೊಳಗಿನ ಬಹುಮಾನ ವಿತರಣೆಗೆ ಇರಲಿ, ಬಯಲಿಗೆ ಬೇಡ.

ಸೂಕ್ಷ್ಮ ಹುಲ್ಲು ನೆಲದಲ್ಲಿ ಜಗತ್ತಿನ ಅತಿ ದೊಡ್ಡ ಕೂಟ ನಡೆದ ಉದಾಹರಣೆ ಲಂಡನ್ನಿನದು. 2012ರ ಒಲಿಂಪಿಕ್ಸ್‌ನ ಕುದುರೆ ಸವಾರಿ ಸ್ಪರ್ಧೆಗಳು ಗ್ರೀನಿಚ್ ಉದ್ಯಾನದಲ್ಲಿ ನಡೆದವು. 1433ರಲ್ಲಿ ಬೇಲಿ ಕಂಡ ಆ ಹಳೆಯ ರಾಜೋದ್ಯಾನದ ಕೆಲವು ಭಾಗಗಳಲ್ಲಿ ಆಮ್ಲೀಯ ಮಣ್ಣಿನ ಹುಲ್ಲುಗಾವಲು ಉಳಿದಿದೆ. ಸಾರವಿಲ್ಲದ ಮಣ್ಣಿಗೆ ಹೊಂದಿಕೊಂಡ ಈ ಹುಲ್ಲು ಲಂಡನ್ ಸುತ್ತ ಅಪರೂಪ. ಸ್ಥಳೀಯರು ಬಲವಾಗಿ ವಿರೋಧಿಸಿದರು. 2010ರ ಮಾರ್ಚ್‌ನಲ್ಲಿ ಸ್ಥಳೀಯ ಆಡಳಿತ ಅನುಮತಿ ಕೊಟ್ಟಾಗ ನೆಲವನ್ನು ಮೊದಲಿನ ಸ್ಥಿತಿಗೆ ತರುವ ಹೊಣೆಯೂ ಸಂಘಟಕರ ಮೇಲೆ ಬಿತ್ತು. ಮುಖ್ಯ ಅಖಾಡವನ್ನು ಮಣ್ಣು ಅಗೆದು ಸಮ ಮಾಡದೆ, ಸಾವಿರಾರು ಕಾಲುಗಳ ಮೇಲೆ ನಿಲ್ಲಿಸಿದ ಎತ್ತರದ ವೇದಿಕೆಯಾಗಿ ಕಟ್ಟಿದರು. ಓಟದ ದಾರಿಯ ಹುಲ್ಲನ್ನು ಬಹಳ ಮೊದಲೇ ಹದಗೊಳಿಸುತ್ತ ಬಂದರು, 2011ರ ಜುಲೈನಲ್ಲಿ ಒಂದು ಪೂರ್ವಪರೀಕ್ಷೆ ನಡೆಸಿ ತಪ್ಪುಗಳನ್ನು ನೋಡಿಕೊಂಡರು. ಅದೇ ಒಲಿಂಪಿಕ್ಸ್‌ನ ಸೈಕಲ್ ರಸ್ತೆ ಸ್ಪರ್ಧೆ ಸುಣ್ಣಕಲ್ಲಿನ ಹುಲ್ಲುಗಾವಲಿಗೆ ಹೆಸರಾದ ಬಾಕ್ಸ್ ಹಿಲ್ ಗುಡ್ಡವನ್ನು ಸುತ್ತಿತು. ಪುರುಷರು 9 ಸುತ್ತು, ಮಹಿಳೆಯರು 2 ಸುತ್ತು. ಸೈಕಲ್ಲುಗಳು ಡಾಂಬರಿನ ಮೇಲೇ ಇದ್ದವು. ಕಾಯಬೇಕಾಗಿದ್ದದ್ದು ಇಕ್ಕೆಲದ ಹುಲ್ಲನ್ನು, ಅಲ್ಲಿನ ಕಾಡು ಸೀತಾಳೆ ಮತ್ತು ಚಿಟ್ಟೆಗಳನ್ನು. ಗುಡ್ಡದ ಮೇಲಿನ ಪ್ರೇಕ್ಷಕರ ಸಂಖ್ಯೆಯನ್ನು ಟಿಕೆಟ್ ಮೂಲಕ ಸುಮಾರು 15,000ಕ್ಕೆ ಕಟ್ಟಿಹಾಕಿದರು. ಬಂದಷ್ಟೂ ಜನ ಬರಲಿ ಎನ್ನುವುದೇ ಯಶಸ್ಸಾದ ಒಲಿಂಪಿಕ್ಸ್‌ನಲ್ಲಿ ಹುಲ್ಲಿಗಾಗಿ ಜನರನ್ನು ಬೇಡವೆಂದದ್ದು ದೊಡ್ಡ ಮಾತು.

ಹತ್ತಿರದ ಉದಾಹರಣೆ ಸಾತಾರಾ. ಅಲ್ಲಿನ ಗುಡ್ಡದ ಅರೆ ಮ್ಯಾರಥಾನ್ ಕಾಸ್ ಪ್ರಸ್ಥಭೂಮಿಯ ದಾರಿ ಹಿಡಿದು ಏರುತ್ತದೆ. ಕಾಸ್ 2012ರಿಂದ ಪಶ್ಚಿಮಘಟ್ಟದ ವಿಶ್ವ ಪರಂಪರೆ ತಾಣಗಳ ಸಾಲಿನಲ್ಲಿದೆ. ಜಂಬಿಟ್ಟಿಗೆ ಹಾಸಿನ ಮೇಲೆ ಮಳೆಗಾಲದಲ್ಲಿ ಹೂವಿನ ಜಾತ್ರೆ ನಡೆಯುವ ಜಾಗ ಅದು. ಓಟಗಾರರು ಘಾಟಿಯ ಡಾಂಬರು ರಸ್ತೆಯಲ್ಲೇ ಹೋಗಿ ಅದರಲ್ಲೇ ಮರಳುವುದರಿಂದ ಸಾವಿರಾರು ಜನ ಓಡಿದರೂ ಹೂವಿನ ಹಾಸನ್ನು ತುಳಿಯುವ ಪ್ರಮೇಯ ಬರುವುದಿಲ್ಲ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಇಂಥ ಶಿಸ್ತು ಬಹುಕಾಲ ಇರಲಿಲ್ಲ. ಚಿತ್ರೀಕರಣದವರ ಲಾರಿಗಳು, ಜೀಪು–ಬೈಕು ಸಾಹಸಿಗಳು ಹುಲ್ಲಿನ ಮೇಲೆ ಬಿಟ್ಟುಹೋದ ಜಾಡುಗಳ ಬಗ್ಗೆ ಪಕ್ಷಿಪ್ರಿಯರು ವರ್ಷಗಟ್ಟಲೆ ದೂರಿದರು. 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಬೇಡವೆಂದಿತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು.

ಕ್ರೀಡಾಕೂಟದ ಜೊತೆಗೆ ಸಸಿ ನೆಡುವ ಕಾರ್ಯಕ್ರಮ ಇಟ್ಟುಕೊಳ್ಳುವುದು ಈಗಿನ ರೂಢಿ. ಒಳ್ಳೆಯ ಮನಸ್ಸಿನಿಂದಲೇ ನಡೆಯುವ ಈ ಕೆಲಸ ಹುಲ್ಲುಗಾವಲಿನಲ್ಲಿ ತುಳಿತಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ. ತುಳಿದ ಹುಲ್ಲು ಮತ್ತೆ ಚಿಗುರಬಹುದು, ನೆರಳು ಬಿದ್ದ ಹುಲ್ಲು ಶಾಶ್ವತವಾಗಿ ಹೋಗುತ್ತದೆ. 1974ರಲ್ಲಿ ಕೃಷ್ಣಮೃಗಕ್ಕೆಂದು ಅಭಯಾರಣ್ಯವಾದ ರಾಣೆಬೆನ್ನೂರಿನ ಬಯಲಿನ ಬಹುಭಾಗಕ್ಕೆ ನೀಲಗಿರಿ ನೆಡಲಾಗಿತ್ತು. ಒಂದು ಕಾಲಕ್ಕೆ ಅಲ್ಲಿ ಓಡಾಡುತ್ತಿದ್ದ ಎರೆಭೂತ ಈಗಿಲ್ಲ. ಸಸಿ ನೆಡಲೇಬೇಕೆಂದರೆ ಕಲಬುರಗಿ ನಗರದ ರಸ್ತೆ ಬದಿ, ಅಪ್ಪನ ಕೆರೆಯ ದಂಡೆ, ಶಾಲೆಗಳ ಅಂಗಳ ಬೇಕಾದಷ್ಟಿವೆ.

ಕಾನೂನು ಎಲ್ಲಿಯವರೆಗೆ ಕೈ ಚಾಚುತ್ತದೆ? 1972ರ ವನ್ಯಜೀವಿ ಕಾಯ್ದೆಯ 28ನೇ ವಿಧಿ ಅಭಯಾರಣ್ಯದೊಳಗೆ ಬಿಡಲು ಹೇಳುವ ಕಾರಣಗಳು ಅಧ್ಯಯನ, ಛಾಯಾಗ್ರಹಣ, ಪ್ರವಾಸ, ಅಲ್ಲಿ ವಾಸಿಸುವವರೊಂದಿಗಿನ ವ್ಯವಹಾರ ಮುಂತಾದವು. ಕ್ರೀಡಾಸ್ಪರ್ಧೆಯ ಹೆಸರು ಅಲ್ಲಿಲ್ಲ, ಆದ್ದರಿಂದ ಚಿಂಚೋಳಿಯ ಒಳಗೆ ಓಟ ಇಡುವ ಯೋಚನೆಯನ್ನೇ ಕೈಬಿಡುವುದು ಲೇಸು. ಗಾಯರಾಣಕ್ಕೆ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ಇದೆ. ನೂರು ದನಗಳಿಗೆ 12 ಹೆಕ್ಟೇರ್ ಮೇವಿನ ನೆಲ ಬಿಡಬೇಕೆಂಬುದು ಅದರ ಲೆಕ್ಕ. ಅದು ಮೇವನ್ನು ಎಣಿಸುತ್ತದೆ, ಹಕ್ಕಿಯನ್ನೂ ಬಿಲವನ್ನೂ ಎಣಿಸುವುದಿಲ್ಲ. ಆ ಕೊರತೆ ತುಂಬಲು 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ದಾರಿ ಇದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಊರ ಗಾಯರಾಣದಲ್ಲಿ ಯಾವ ಹುಲ್ಲಿದೆ, ಟಿಟ್ಟಿಭ ಎಲ್ಲಿ ಮೊಟ್ಟೆ ಇಡುತ್ತದೆ, ಗುಳ್ಳೆನರಿಯ ಬಿಲ ಯಾವ ದಿನ್ನೆಯಲ್ಲಿದೆ ಎಂಬುದು ಕುರಿ ಕಾಯುವವರಿಗೆ ಬಾಯಿಪಾಠ. ಅದು ಆ ದಾಖಲಾತಿಗೆ ಇಳಿದರೆ ತಹಸೀಲ್ದಾರರು ಮೈದಾನಕ್ಕೆ ಅನುಮತಿ ಕೊಡುವ ಮುನ್ನ ನೋಡಲು ಒಂದು ಆಧಾರ ಸಿಗುತ್ತದೆ.

ಗಾಯರಾಣಗಳಿಗಿಂತ ಮೊದಲು ಕೆಲಸ ಶುರುವಾಗಬಹುದಾದದ್ದು ವಿಶ್ವವಿದ್ಯಾಲಯಗಳ ಆವರಣದಲ್ಲಿ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಸುಮಾರು 860 ಎಕರೆ, ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ್ದು 650 ಎಕರೆಯ ಮೇಲೆ. ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳಲ್ಲಿ ಗುಡ್ಡಗಾಡು ಓಟವೂ ಒಂದು, ಇಂಥ ವಿಶಾಲ ಆವರಣಗಳು ಅದಕ್ಕೆ ಸೂಕ್ತವೆನಿಸುತ್ತವೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಎರಡು ಮಳೆಗಾಲ ಆವರಣ ಸುತ್ತಿದರೆ ಹುಲ್ಲಿನ ನಕ್ಷೆ ಸಿದ್ಧವಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ 167 ಹೆಕ್ಟೇರ್ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಗಿದೆ. ಪಾಠ, ಪರೀಕ್ಷೆ, ಕೃಷಿಮೇಳಗಳು ಅಲ್ಲಿ ನಿಂತಿಲ್ಲ.

ಕಮಲಾಪುರದ ಗುಡ್ಡದ ಸಾಲಿನಲ್ಲಿ ಓಟವೊಂದನ್ನು ಏರ್ಪಡಿಸುವುದಾದರೆ ಕ್ರಮ ಹೀಗಿರಬಹುದು. ವಾಹನಗಳೆಲ್ಲ ಹೆದ್ದಾರಿ ಬದಿಯ ಪಟ್ಟಣದಲ್ಲೇ ನಿಲ್ಲುತ್ತವೆ. ಆರಂಭ ಮತ್ತು ಮುಕ್ತಾಯ ಕಾಲೇಜು ಮೈದಾನದಲ್ಲಿ, ಪೆಂಡಾಲು, ಊಟ, ಶೌಚಾಲಯಗಳೂ ಅಲ್ಲೇ. ಗುಡ್ಡದ ಮೇಲೆ ಓಟಗಾರರು ಹಳೆಯ ಬಂಡಿಜಾಡು ಬಿಟ್ಟು ಇಳಿಯುವಂತಿಲ್ಲ, ನೋಡುಗರು ರಸ್ತೆ ಸೇರುವ ಎರಡು ಕಡೆ ಮಾತ್ರ ನಿಲ್ಲುತ್ತಾರೆ. ದಾರಿ ಗುರುತಿಗೆ ಸುಣ್ಣದ ಪುಡಿ ಬೇಡ, ಸಾರವಿಲ್ಲದ ಮಣ್ಣಿಗೆ ಹೊಂದಿಕೊಂಡ ಹುಲ್ಲಿಗೆ ಅದು ಒಗ್ಗದು. ಬಿದಿರು ಗೂಟಕ್ಕೆ ಬಟ್ಟೆ ಕಟ್ಟಿದರೆ ಸಾಕು. ಎಂಜಲು ಅದೇ ದಿನ ಸಂಜೆಯೊಳಗೆ ಕೆಳಗೆ ಬರಬೇಕು. ಒಂದು ರಾತ್ರಿ ಉಳಿದರೂ ಊರ ನಾಯಿಗಳು ಗುಡ್ಡದ ದಾರಿ ಕಲಿಯುತ್ತವೆ, ಕಲಿತ ನಾಯಿ ಚಿಗರಿ ಮರಿಯನ್ನು ಬಿಡುವುದಿಲ್ಲ. ಸಂಘಟಕರಿಂದ ಮೊದಲೇ ಠೇವಣಿ ಪಡೆದು, ಕೂಟ ಮುಗಿದ ಮರುದಿನ ವಾಪಸು ಕೊಡದೆ ಇಟ್ಟುಕೊಳ್ಳಬೇಕು. ಡಿಸೆಂಬರ್‌ನಲ್ಲಿ ಒಣಗಿದ ಹುಲ್ಲು ತುಳಿದದ್ದೋ ತುಳಿಯದ್ದೋ ಒಂದೇ ತರಹ ಕಾಣುತ್ತದೆ. ಯಾವ ಬುಡ ಸತ್ತಿದೆ, ಎಲ್ಲಿ ಕಾಂಗ್ರೆಸ್ ಕಸ ಎದ್ದಿದೆ ಎಂಬುದು ಗೊತ್ತಾಗುವುದು ಮುಂದಿನ ಆಗಸ್ಟ್‌ನಲ್ಲಿ. ಪಂಚಾಯಿತಿಯ ಸಮಿತಿ, ಅರಣ್ಯ ಇಲಾಖೆಯವರು, ಆ ಗುಡ್ಡದಲ್ಲಿ ಮೇಯಿಸುವ ಇಬ್ಬರು ಕುರಿಗಾಹಿಗಳು ಸೇರಿ ಆಗ ಜಾಡಿನುದ್ದಕ್ಕೂ ನಡೆದು ನೋಡಿ, ಕಸ ಕೀಳಿಸುವ ಮತ್ತು ಮಣ್ಣು ಕೊಚ್ಚದಂತೆ ಕಲ್ಲು ಒಡ್ಡು ಹಾಕಿಸುವ ಖರ್ಚನ್ನು ಠೇವಣಿಯಿಂದ ಕಳೆದು, ಮುಂದಿನ ವರ್ಷದ ಅರ್ಜಿಯನ್ನು ಆಮೇಲೆ ಕೈಗೆತ್ತಿಕೊಳ್ಳಬೇಕು.